ಕೆಡದಂತೆ ಕಾಯುವ ಕಾಯಕ

ಪಟ್ಟಣದ ಕಛೇರಿಗಳು ಬಳಸಿ ಬಿಟ್ಟ ಗಣಕಯಂತ್ರಗಳು ದಾನರೂಪದಲ್ಲಿ ಶಾಲೆಗಳಿಗೆ ಬರುವುದು ಈಚೆಗೆ ಅಪರೂಪವಲ್ಲ. ಅಂಥ ಯಂತ್ರಗಳಿಗೆ ಹಣ ತೆತ್ತು ತಂತ್ರಾಂಶವನ್ನು ಕೊಳ್ಳುವ ಶಕ್ತಿ ಎಷ್ಟೋ ಶಾಲೆಗಳಿಗೆ ಇರುವುದಿಲ್ಲವಾಗಿ, ಯಾರು ಬೇಕಾದರೂ ಪಡೆದು, ಓದಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶವೇ ಅವುಗಳಿಗೆ ಆಶ್ರಯ. ನೆರೆಯ ಕೇರಳವಂತೂ ತನ್ನ ಶಾಲೆಗಳ ಗಣಕಶಿಕ್ಷಣವನ್ನು ಇಂಥ ತಂತ್ರಾಂಶದ ಮೇಲೆಯೇ ನಿಲ್ಲಿಸಿದೆ. ದಾನಿಗಳಿಗೆ ತೃಪ್ತಿ, ಮಕ್ಕಳಿಗೆ ವಿದ್ಯೆ. ಆದರೆ ಒಂದು ದಿನ ತಂತ್ರಾಂಶವನ್ನು ನವೀಕರಿಸಿದ ಮರುಗಳಿಗೆಯಲ್ಲಿಯೇ, ನಿನ್ನೆಯವರೆಗೆ ಪಾಠವನ್ನು ಕೇಳಿಸುತ್ತಿದ್ದ ಯಂತ್ರ ಮೂಕವಾಗುವುದುಂಟು; ಜಾಲಸಂಪರ್ಕ ಕಡಿದುಹೋಗುವುದುಂಟು; ಪರದೆಯೇ ಕತ್ತಲಾಗುವುದುಂಟು. ತೆರೆದು ನೋಡಿದರೆ ಯಂತ್ರದ ಯಾವ ಭಾಗವೂ ಕೆಟ್ಟಿರುವುದಿಲ್ಲ. ಕೆಟ್ಟಿರುವುದು ಅದರೊಡನೆ ಮಾತನಾಡುವ ತಂತ್ರಾಂಶ.

ಇದಕ್ಕೆ ಇಂಗ್ಲಿಷಿನಲ್ಲಿ ರಿಗ್ರೆಷನ್ ಎಂದು ಹೆಸರು. ‘ಹಿಂಜರಿತ’ ಎಂದು ಕನ್ನಡಿಸುವವರುಂಟು. ಆದರೆ ಹಿಂಜರಿಯುವವನು ಅಂಜಿ ನಿಲ್ಲುವವನು. ಇಲ್ಲಿ ಅಂಜಿಕೆಯ ಮಾತೇ ಇಲ್ಲ, ಮುಂದೆ ಹೋದೆನೆಂಬ ಭರವಸೆಯಲ್ಲಿಯೇ ಹಿಂದೆ ಬಿದ್ದಿರುತ್ತದೆ. ಆದುದರಿಂದ ‘ಹಿನ್ನಡೆ’ ಎಂಬುದೇ ಲೇಸು. ಮೊದಲಿನಿಂದಲೂ ಇದ್ದ ದೋಷ ಹಿನ್ನಡೆಯಲ್ಲ. ಸರಿಯಾಗಿ ನಡೆಯುತ್ತಿದ್ದುದು ತಿದ್ದುಪಡಿಯ ದೆಸೆಯಿಂದ ನಿಂತರೆ ಮಾತ್ರ ಹಿನ್ನಡೆ. ಈ ಭೇದವನ್ನು ಲಘುವಾಗಿ ಎಣಿಸಲಾಗದು. ಮೊದಲನೆಯದರಲ್ಲಿ ಬಳಕೆದಾರನು ತನಗಿಲ್ಲದುದನ್ನು ಬೇಡುತ್ತಾನೆ. ಎರಡನೆಯದರಲ್ಲಿ ಅವನ ಕೈಯಲ್ಲಿದ್ದುದನ್ನು ಕಸಿದುಕೊಂಡಂತಾಗುತ್ತದೆ.

ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಒಳತಿರುಳಿಗೆ ಕರ್ನೆಲ್ ಎಂದು ಹೆಸರು. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ತನ್ನ ಮನೆಯ 386 ಯಂತ್ರಕ್ಕೆಂದು ಬರೆದ ಈ ತಿರುಳು ಇಂದು ಜಗತ್ತಿನ ಮಹಾಗಣಕಗಳಲ್ಲಿಯೂ ಉಂಟು, ಕಿಸೆಯಲ್ಲಿರುವ ಆಂಡ್ರಾಯ್ಡ್ ಫೋನಿನಲ್ಲಿಯೂ ಉಂಟು. ಅದರ ಬರಹ 3 ಕೋಟಿ ಸಾಲುಗಳನ್ನು ಮೀರಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಡ್ರೈವರುಗಳು, ಎಂದರೆ ಒಂದೊಂದು ಬಗೆಯ ಯಂತ್ರಾಂಶದೊಡನೆ ಅದರದರ ಭಾಷೆಯಲ್ಲಿ ವ್ಯವಹರಿಸುವ ದುಭಾಷಿಗಳು. ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸ ಆವೃತ್ತಿ ಹೊರಬೀಳುತ್ತದೆ. ಪ್ರತಿಯೊಂದಕ್ಕೂ ಸುಮಾರು 2,000 ಮಂದಿ ಕೈಗೂಡಿಸಿ ಹತ್ತು ಸಾವಿರಕ್ಕೂ ಮಿಕ್ಕ ಮಾರ್ಪಾಟುಗಳನ್ನು ತರುತ್ತಾರೆ. ಇವರಲ್ಲಿ ಯಾರೊಬ್ಬರ ಮನೆಯಲ್ಲಿಯೂ ಲೋಕದ ಎಲ್ಲ ಯಂತ್ರಗಳು ಇರಲಾರವು. ತಿದ್ದುಪಡಿಯನ್ನು ಬರೆದವನು ತನ್ನ ಮೇಜಿನ ಮೇಲಿರುವ ಎರಡು ಮೂರು ಯಂತ್ರಗಳಲ್ಲಿ ಅದನ್ನು ಪರೀಕ್ಷಿಸಿ ತೃಪ್ತನಾಗುತ್ತಾನೆ. ಮಿಕ್ಕ ಯಂತ್ರಗಳ ಪರೀಕ್ಷೆ ಅವುಗಳ ಒಡೆಯರ ಪಾಲಿಗೆ ಬರುತ್ತದೆ.

ಇಂಥ ಸ್ಥಿತಿಯಲ್ಲಿ ಟೋರ್ವಾಲ್ಡ್ಸ್ ಒಂದು ನಿಯಮವನ್ನು ಪಟ್ಟುಹಿಡಿದು ಕಾಪಾಡಿಕೊಂಡು ಬಂದಿದ್ದಾರೆ. ಹಳೆಯ ಕರ್ನೆಲಿನಲ್ಲಿ ನಡೆಯುತ್ತಿದ್ದುದು ಹೊಸದರಲ್ಲಿಯೂ ನಡೆಯಬೇಕು. ನಡೆಯದಿದ್ದರೆ ಹೊಣೆ ಮಾರ್ಪಾಟು ಮಾಡಿದವನದೇ ಹೊರತು ಬಳಕೆದಾರನದಲ್ಲ. ಈ ನಿಯಮದ ಪಾಲನೆಯಲ್ಲಿ ಅವರಾಡಿದ ನುಡಿಗಳು ಎಷ್ಟೋ ವೇಳೆ ಮಿತಿಮೀರಿ ಕಟುವಾಗಿದ್ದವು. 2018ರಲ್ಲಿ ಅವರೇ ಅದಕ್ಕೆ ಕ್ಷಮೆ ಕೋರಿ ಕೆಲಕಾಲ ದೂರ ಸರಿದುದೂ ಉಂಟು. ನುಡಿಯ ಕಟುತ್ವವನ್ನು ಯಾರೂ ಸಮರ್ಥಿಸಬೇಕಾಗಿಲ್ಲ. ಆದರೆ ನಿಯಮದ ಕಟುತ್ವವನ್ನು ಸಡಿಲಿಸುವುದು ಸರ್ವಥಾ ಸಲ್ಲದು.

ಏಕೆಂದರೆ ಹಿನ್ನಡೆಯನ್ನು ಸಮರ್ಥಿಸುವ ಜಾಣವಾದಗಳಿಗೆ ಕೊರತೆಯಿಲ್ಲ. ‘ನಮ್ಮ ಬರಹ ಶಾಸ್ತ್ರಸಮ್ಮತವಾಗಿದೆ, ತಪ್ಪು ನಿಮ್ಮ ಯಂತ್ರದ್ದು’ ಎಂಬುದು ಅವುಗಳಲ್ಲಿ ಮುಖ್ಯವಾದುದು. 2011ರ ಒಂದು ಪ್ರಸಂಗ ಇಲ್ಲಿ ಸ್ಮರಣೀಯ. ಆ ವರ್ಷ ಮಾರ್ಚಿನಲ್ಲಿ 2.6.38ನೆಯ ಆವೃತ್ತಿ ಬಂದ ಮೇಲೆ ಕೆಲವು ಮಡಿಲಗಣಕಗಳ ಬ್ಯಾಟರಿ ಮೊದಲಿಗಿಂತ ಬೇಗ ಬರಿದಾಗತೊಡಗಿತು. ಫೊರೊನಿಕ್ಸ್‌ನ ಮೈಕೆಲ್ ಲಾರಬೆಲ್ ವಿದ್ಯುತ್ತಿನ ವ್ಯಯವನ್ನು ಅಳೆಯುತ್ತ ಹೋಗಿ ಕಾರಣದ ಮಾರ್ಪಾಟನ್ನು ಪತ್ತೆಹಚ್ಚಿದರು. ಯಂತ್ರದ ಒಳಭಾಗಗಳನ್ನು ಕೂಡಿಸುವ ಪಿಸಿಐ ಎಕ್ಸ್‌ಪ್ರೆಸ್ ದಾರಿಗಳಲ್ಲಿ ಕೆಲಸವಿಲ್ಲದಾಗ ವಿದ್ಯುತ್ತನ್ನು ಉಳಿಸುವ ಏರ್ಪಾಡೊಂದಿದೆ. ಕೆಲವು ಯಂತ್ರಗಳ ಮೂಲತಂತ್ರಾಂಶ, ಎಂದರೆ ಬಯಾಸ್, ‘ಈ ಏರ್ಪಾಡಿನ ಗೊಡವೆಗೆ ಬರಬೇಡ’ ಎಂದು ಕಾರ್ಯಾಚರಣ ವ್ಯವಸ್ಥೆಗೆ ತಿಳಿಸುತ್ತದೆ. ಲಿನಕ್ಸ್ ಇದನ್ನು ‘ಈ ಯಂತ್ರಕ್ಕೆ ಆ ಏರ್ಪಾಡು ಸಲ್ಲದು’ ಎಂದು ಅರ್ಥೈಸಿ, ಬಯಾಸ್ ತಾನೇ ಚಾಲೂ ಮಾಡಿಟ್ಟಿದ್ದುದನ್ನೂ ಆರಿಸಿಬಿಟ್ಟಿತು. ವಿಂಡೋಸ್ ಅದೇ ಮಾತನ್ನು ‘ಇದ್ದುದು ಇದ್ದಂತೆಯೇ ಇರಲಿ’ ಎಂದು ಗ್ರಹಿಸಿತ್ತು. ನಿಷೇಧವಾಕ್ಯದ ಅರ್ಥವೇನೆಂಬ ಚರ್ಚೆಯಲ್ಲಿ ಶತಮಾನಗಳನ್ನು ಕಳೆದ ನಮ್ಮ ಮೀಮಾಂಸಕರಿಗೆ ಇದು ರುಚಿಸುವಂಥ ವಿಷಯ! ಯಂತ್ರ ತಯಾರಿಸಿದವರು ತಮ್ಮ ಸರಕನ್ನು ವಿಂಡೋಸಿನ ನಡತೆಗೆ ಒಪ್ಪಿಸಿ ನೋಡಿದ್ದರು. ಲಿಖಿತ ನಿಯಮದ ಅಕ್ಷರಾರ್ಥ ಏನೇ ಇದ್ದರೂ ವ್ಯವಹಾರದಲ್ಲಿ ನಿಂತ ಅರ್ಥ ಅದು. ಕೊನೆಗೆ ಮ್ಯಾಥ್ಯೂ ಗ್ಯಾರೆಟ್ ಎಂಬವರು ಲಿನಕ್ಸನ್ನೂ ಆ ರೂಢಿಗೆ ಹೊಂದಿಸಿದರು. 2012ರ ಮಾರ್ಚಿನಲ್ಲಿ ಬಂದ 3.3ನೆಯ ಆವೃತ್ತಿಯಲ್ಲಿ ಅದು ಸೇರಿತು. ಶಾಸ್ತ್ರಕ್ಕಿಂತ ರೂಢಿ ಬಲವತ್ತರವೆಂಬ ಹಳೆಯ ಮಾತು ಮನೆಮನೆಯ ಮಡಿಲಗಣಕದಲ್ಲಿ ದಿಟವಾಗಲು ಒಂದು ವರ್ಷ ಹಿಡಿಯಿತು.

ಇಂಥ ರೂಢಿಗಳೆಲ್ಲವೂ ಒಂದೇ ನಿಯಮದಡಿ ಬರುವುದಿಲ್ಲ. ವ್ಯಾಕರಣದಲ್ಲಿ ಸಾಮಾನ್ಯವಿಧಿಗೆ ಉತ್ಸರ್ಗವೆಂದೂ ಅದನ್ನು ಬಾಧಿಸುವ ವಿಶೇಷವಿಧಿಗೆ ಅಪವಾದವೆಂದೂ ಹೆಸರಷ್ಟೆ. ಕರ್ನೆಲಿನಲ್ಲಿಯೂ ಅಪವಾದಗಳ ಪಟ್ಟಿಗಳಿವೆ. ಅಲ್ಲಿನವರು ಅವನ್ನು ಕ್ವಿರ್ಕ್ ಎನ್ನುತ್ತಾರೆ. ಇಂಥ ತಯಾರಕರ ಇಂಥ ಮಾದರಿಯಾದರೆ ಈ ಸಾಮಾನ್ಯವಿಧಿಯನ್ನು ಬಿಟ್ಟು ಆ ವಿಶೇಷವಿಧಿಯನ್ನು ಹಿಡಿಯಬೇಕು ಎಂದು ಮಾದರಿಯ ಹೆಸರು ಹಿಡಿದೇ ಬರೆದಿರುತ್ತದೆ. ಹೊಸಬರಿಗೆ ಈ ಪಟ್ಟಿಗಳು ಕಸದಂತೆ ಕಾಣುತ್ತವೆ. ಅದನ್ನು ಗುಡಿಸಿ ಬರಹವನ್ನು ಚೊಕ್ಕಟಗೊಳಿಸುವೆನೆಂದು ಹೊರಟ ಉತ್ಸಾಹಿಯೇ ಮುಂದಿನ ಹಿನ್ನಡೆಗೆ ಕಾರಣನಾಗುತ್ತಾನೆ. ಅಲ್ಲಿರುವ ಒಂದೊಂದು ಸಾಲೂ ಎಲ್ಲಿಯೋ ಒಂದು ಯಂತ್ರ ನಿಂತುಹೋಗಿ, ಯಾರೋ ದೂರಿತ್ತು, ಮತ್ತಾರೋ ತಿದ್ದಿದುದರ ಗುರುತು.

ಕೆಟ್ಟುದು ಎಲ್ಲಿಂದ ಎಂಬುದನ್ನು ಕಂಡುಹಿಡಿಯುವ ಕ್ರಮವನ್ನಂತೂ ಗ್ರಂಥಸಂಪಾದನೆ ಬಲ್ಲವರು ಕೂಡಲೇ ಮೆಚ್ಚುವರು. ತಾಳೆಯೋಲೆಯ ಪ್ರತಿಗಳನ್ನು ಎದುರಿಗಿಟ್ಟುಕೊಂಡು ಅಪಪಾಠವು ಯಾವ ಲಿಪಿಕಾರನ ಕೈಯಲ್ಲಿ ನುಸುಳಿತೆಂದು ಅರಸುವ ಸಂಪಾದಕನಿಗೆ ನಡುವಣ ಎಷ್ಟೋ ಪ್ರತಿಗಳು ಸಿಕ್ಕುವುದೇ ಇಲ್ಲ. ಕರ್ನೆಲಿನವರಿಗೆ ಆ ಕಷ್ಟವಿಲ್ಲ. 2005ರಲ್ಲಿ ಟೋರ್ವಾಲ್ಡ್ಸರೇ ರಚಿಸಿದ ಗಿಟ್ ಎಂಬ ಸಾಧನದಲ್ಲಿ ಪ್ರತಿಯೊಂದು ಮಾರ್ಪಾಟೂ ಕರ್ತೃವಿನ ಹೆಸರು, ದಿನಾಂಕ, ಉದ್ದೇಶಗಳೊಡನೆ ಉಳಿದಿರುತ್ತದೆ. ಸರಿಯಾಗಿದ್ದ ಆವೃತ್ತಿ ಒಂದು ತುದಿ, ಕೆಟ್ಟ ಆವೃತ್ತಿ ಇನ್ನೊಂದು ತುದಿ; ನಟ್ಟನಡುವಿನ ಸ್ಥಿತಿಯನ್ನು ಕಟ್ಟಿ ನೋಡಬೇಕು. ಅದು ಸರಿಯಿದ್ದರೆ ದೋಷ ಉತ್ತರಾರ್ಧದಲ್ಲಿದೆ, ಕೆಟ್ಟಿದ್ದರೆ ಪೂರ್ವಾರ್ಧದಲ್ಲಿದೆ. ಹೀಗೆ ಅರ್ಧ ಅರ್ಧವಾಗಿ ಕಳೆಯುತ್ತ ಹೋದರೆ 16,000 ಮಾರ್ಪಾಟುಗಳ ರಾಶಿಯಲ್ಲಿಯೂ 14 ಪರೀಕ್ಷೆಗಳಿಗೆ ಅಪರಾಧಿ ಸಿಕ್ಕಿಬೀಳುತ್ತದೆ. ವಿಧಾನವೇನೋ ಸೊಗಸು. ಆದರೆ ಆ ಪರೀಕ್ಷೆಗಳನ್ನು ಮಾಡಬಲ್ಲವನು ಯಾವ ಯಂತ್ರ ಕೆಟ್ಟಿತೋ ಅದರ ಒಡೆಯನೇ ಹೊರತು ಬೇರಾರೂ ಅಲ್ಲ. ಹಳೆಯ ಯಂತ್ರದಲ್ಲಿ ಒಂದೊಂದು ಸಲ ಕರ್ನೆಲನ್ನು ಕಟ್ಟುವುದಕ್ಕೂ ಗಂಟೆಗಟ್ಟಲೆ ಕಾಯಬೇಕು.

ಆ ಉಪಾಯವೂ ಅಪಾಯವಾಗುವ ಸಂದರ್ಭವೊಂದು 2008ರಲ್ಲಿ ಒದಗಿತು. 2.6.27ನೆಯ ಆವೃತ್ತಿ ಇನ್ನೂ ಪರೀಕ್ಷೆಯ ಹಂತದಲ್ಲಿದ್ದಾಗ ಇಂಟೆಲ್ ಕಂಪೆನಿಯ ಕೆಲವು ಜಾಲಸಂಪರ್ಕದ ಕಾರ್ಡುಗಳು ಇದ್ದಕ್ಕಿದ್ದಂತೆ ಸತ್ತವು. ಕಾರ್ಡಿನ ಸ್ಥಿರಸ್ಮೃತಿಯಲ್ಲಿ ಅದರ ಗುರುತು ಮತ್ತು ಹೊಂದಾಣಿಕೆಯ ವಿವರಗಳು ಬರೆದಿರುತ್ತವೆ. ಆ ಬರಹವೇ ಅಳಿಸಿಹೋಗಿತ್ತು. ಹಿಂದಿನ ಕರ್ನೆಲಿಗೆ ಮರಳಿದರೂ ಕಾರ್ಡು ಬದುಕುತ್ತಿರಲಿಲ್ಲ. ಹೀಗಿರುವಾಗ ನಟ್ಟನಡುವಿನ ಸ್ಥಿತಿಯನ್ನು ಪರೀಕ್ಷಿಸೆಂದು ಯಾರಿಗೆ ಹೇಳುವುದು? ಒಂದೊಂದು ಪರೀಕ್ಷೆಗೂ ಒಂದೊಂದು ಕಾರ್ಡನ್ನು ಬಲಿಗೊಡುವಂತಾಯಿತು. ಸಂಶಯವೆಲ್ಲ ಮೊದಲು ಆ ಕಾರ್ಡಿನ ಡ್ರೈವರಾದ ಇ1000ಇ ಮೇಲೆ ಹೋಯಿತು. ಬಳಿಕ ಪರದೆಗೆ ಚಿತ್ರ ಮೂಡಿಸುವ ತಂತ್ರಾಂಶದ ಮೇಲೆಯೂ ಹೋಯಿತು. ಎರಡೂ ನಿರಪರಾಧಿಗಳು. ನಿಜವಾದ ದೋಷ ಇದ್ದುದು ಜಾಲಕ್ಕೂ ಕಾರ್ಡಿಗೂ ಸಂಬಂಧವೇ ಇಲ್ಲದ ಎಫ್‌ಟ್ರೇಸ್ ಎಂಬ ಭಾಗದಲ್ಲಿ. ಕರ್ನೆಲಿನ ಯಾವ ಕಾರ್ಯ ಯಾವಾಗ ನಡೆಯಿತೆಂದು ಗಮನಿಸುವ ಈ ಸಾಧನ, ಒಂದೊಂದು ಕಾರ್ಯದ ಬರಹದ ಆರಂಭದಲ್ಲಿ ತನ್ನ ಗುರುತನ್ನು ಆಮೇಲೆ ಬಂದು ತಿದ್ದುವುದಕ್ಕಾಗಿ ವಿಳಾಸಗಳನ್ನು ಬರೆದಿಟ್ಟುಕೊಳ್ಳುತ್ತಿತ್ತು. ಆರಂಭದಲ್ಲಿ ಒಮ್ಮೆ ಮಾತ್ರ ಬೇಕಾಗುವ ಕೆಲವು ಕಾರ್ಯಗಳ ಸ್ಥಳವನ್ನು ಕರ್ನೆಲ್ ಬಳಿಕ ತೆರವು ಮಾಡುತ್ತದೆ. ತೆರವಾದ ಆ ವಿಳಾಸಕ್ಕೆ ಕಾರ್ಡಿನ ಸ್ಮೃತಿ ಬಂದು ಕುಳಿತಿತ್ತು. ಹಳೆಯ ಒಕ್ಕಲು ಬಿಟ್ಟುಹೋದುದನ್ನು ಅರಿಯದೆ ಅದೇ ಮನೆಯ ಗೋಡೆಗೆ ಬಣ್ಣ ಬಳಿಯಲು ಹೋದಂತೆ ಎಫ್‌ಟ್ರೇಸ್ ಅಲ್ಲಿಗೆ ಬರೆಯಹೋಯಿತು. ಹೊಸ ಒಕ್ಕಲಿನ ಬದುಕು ಹಾಳಾಯಿತು. ಆ ಕಾರ್ಡಿನ ಸ್ಮೃತಿಗೆ ಬರಹದ ವಿರುದ್ಧ ಬೀಗ ಹಾಕಿರಲಿಲ್ಲ ಎಂಬ ಮಾತೂ ಉಂಟು. ಡ್ರೈವರಿನವರು ಆ ಬೀಗವನ್ನು ಬೇಗನೆ ಹಾಕಿದರು. 2008ರ ಅಕ್ಟೋಬರಿನಲ್ಲಿ 2.6.27 ಹೊರಬಂದ ಕೆಲವೇ ದಿನಗಳಲ್ಲಿ, ತಿದ್ದಿ ಹೊರಡಿಸಿದ 2.6.27.1ರಲ್ಲಿ ಎಫ್‌ಟ್ರೇಸಿನ ಆ ಅಂಶವನ್ನೇ ನಿಲ್ಲಿಸಲಾಯಿತು.

ಇಲ್ಲಿ ಗಮನಿಸತಕ್ಕ ಅಂಶವೆಂದರೆ ‘ನಿಲ್ಲಿಸಲಾಯಿತು’ ಎಂಬುದು. ಸೊಗಸಾದ ಪರಿಹಾರ ಹೊಳೆಯುವವರೆಗೆ ಕಾಯಲಿಲ್ಲ. ಹಿನ್ನಡೆ ಕಂಡೊಡನೆ ಆ ಮಾರ್ಪಾಟನ್ನು ಹಿಂತೆಗೆಯಬೇಕೆ, ಇಲ್ಲವೆ ಅದರ ಮೇಲೆ ಇನ್ನೊಂದು ತಿದ್ದುಪಡಿ ಹೊದಿಸಬೇಕೆ ಎಂಬುದು ಇಂದಿಗೂ ವಿವಾದದ ವಿಷಯ. ಬರೆದವನಿಗೆ ತನ್ನ ಬರಹದ ಮೇಲೆ ಮಮಕಾರ ಸಹಜ. ‘ಇನ್ನೊಂದು ವಾರ ಕೊಡಿ, ಸರಿಪಡಿಸುತ್ತೇನೆ’ ಎನ್ನುತ್ತಾನೆ. ಆ ವಾರ ತಿಂಗಳಾಗುತ್ತದೆ. ಅಷ್ಟು ಕಾಲವೂ ಯಾರದೋ ಯಂತ್ರ ನಿಂತಿರುತ್ತದೆ. ಸುಲಭವಾಗಿ ಹಿಂತೆಗೆಯಬಹುದಾದಲ್ಲಿ ಮೊದಲು ಹಿಂತೆಗೆದು, ಬಳಿಕ ಸಾವಧಾನವಾಗಿ ತಿದ್ದಿ ಮತ್ತೆ ತರುವುದೇ ನ್ಯಾಯ. ಭದ್ರತೆಯ ದೋಷವನ್ನು ಮುಚ್ಚಲೆಂದು ಮಾಡಿದ ಮಾರ್ಪಾಟಿಗೆ ಮಾತ್ರ ಇದನ್ನು ಹಾಗೆಯೇ ಅನ್ವಯಿಸಲಾಗದು. 2018ರಲ್ಲಿ ಮೆಲ್ಟ್‌ಡೌನ್ ಎಂಬ ಸಂಸ್ಕಾರಕದೋಷ ಬಯಲಾದಾಗ ಅದನ್ನು ತಡೆಯುವ ಕ್ರಮದಿಂದ ಯಂತ್ರಗಳ ವೇಗ ತಗ್ಗಿತು. ಆದರೂ ಅದನ್ನು ಸಹಿಸಲೇಬೇಕಾಯಿತು.

ಈ ನಿಯಮ ಪ್ರಗತಿಗೆ ಕಂಟಕವೆಂದೂ, ಹಳೆಯ ಯಂತ್ರಗಳನ್ನು ಎಂದೆಂದಿಗೂ ಹೊತ್ತು ನಡೆಯಬೇಕಾಗುತ್ತದೆಂದೂ ಆಕ್ಷೇಪಿಸುವವರಿದ್ದಾರೆ. ಅದು ಪೂರ್ತಿ ನಿಜವಲ್ಲ. ಟೋರ್ವಾಲ್ಡ್ಸ್ ಯಾವ 386ರ ಮೇಲೆ ಕರ್ನೆಲನ್ನು ಬರೆಯತೊಡಗಿದರೋ ಅದಕ್ಕೇ 2013ರ 3.8ನೆಯ ಆವೃತ್ತಿಯಲ್ಲಿ ಬೀಳ್ಕೊಡುಗೆಯಾಯಿತು. ಚರ್ಚಿಸಿ, ಮುಂದಾಗಿ ಸಾರಿ, ಬಳಸುವವರು ಉಳಿದಿಲ್ಲವೆಂದು ಬಗೆದು ಬೀಳ್ಕೊಡುವುದು ಬೇರೆ. ಅರಿಯದೆ ಕಾಲು ತಾಗಿಸಿ ಕೆಡವುವುದು ಬೇರೆ.

ಆದರೆ ನಿಯಮ ಎಷ್ಟೇ ದೃಢವಾಗಿದ್ದರೂ ದೂರು ಬಾರದ ಹಿನ್ನಡೆಗೆ ಪರಿಹಾರವಿಲ್ಲ. ಬಂದ ದೂರುಗಳನ್ನು ಪಟ್ಟಿಮಾಡಿ, ಮರೆತವರಿಗೆ ನೆನಪಿಸುವ ಕೆಲಸವಂತೂ ಕೀರ್ತಿ ತರುವಂಥದಲ್ಲ. ಹಿಂದೆ ರಫಾಯೆಲ್ ವೈಸಾಕಿ ಎಂಬವರು ಕೆಲವು ವರ್ಷ ಅದನ್ನು ಮಾಡಿದರು. ಜರ್ಮನಿಯ ಥಾರ್ಸ್ಟನ್ ಲೀಮ್‌ಹುಯಿಸ್ ಒಮ್ಮೆ ಕೈಗೆತ್ತಿಕೊಂಡು, ಬಿಟ್ಟು, 2021ರಲ್ಲಿ ರೆಗ್ಜ್‌ಬಾಟ್ ಎಂಬ ಸಾಧನವನ್ನು ಕಟ್ಟಿಕೊಂಡು ಮರಳಿ ತೊಡಗಿದರು. ಹೊಸ ಸೌಕರ್ಯವನ್ನು ಕೂಡಿಸುವವನಿಗೆ ಸಂಬಳ ಕೊಡುವ ಕಂಪೆನಿಗಳು ಬೇಕಾದಷ್ಟಿವೆ. ಇದ್ದುದನ್ನು ಕೆಡದಂತೆ ಕಾಯುವವನಿಗೆ ಆಶ್ರಯದಾತರು ವಿರಳ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ನಂಬಿದ ಪರಂಪರೆಯವರಿಗಾದರೂ ಈ ಅಸಮತೆ ಕಣ್ಣಿಗೆ ಕುಕ್ಕಬೇಕು. ಕರ್ನೆಲಿನ ದಾಖಲೆಯಲ್ಲಿ ಒಂದು ಒಳ್ಳೆಯ ಸಂಪ್ರದಾಯವಿದೆ: ತಿದ್ದುಪಡಿ ಬರೆದವನ ಹೆಸರಿನ ಕೆಳಗೆ ದೋಷವನ್ನು ತಿಳಿಸಿದವನ ಹೆಸರನ್ನೂ ಪರೀಕ್ಷಿಸಿ ನೋಡಿದವನ ಹೆಸರನ್ನೂ ಬರೆಯುತ್ತಾರೆ. ಹಿಂದಿನವರು ಶಿಲಾಶಾಸನದಲ್ಲಿ ಕೆರೆ ಕಟ್ಟಿಸಿದವನ ಜೊತೆಗೆ ಅದನ್ನು ಕಾಯ್ದವನನ್ನೂ ನೆನೆದಂತೆ.

ಶಾಲೆಗೆ ಗಣಕಯಂತ್ರ ಕೊಡುವ ದಾನಿಗಳು ಈ ಅಂಶವನ್ನು ಮನಸ್ಸಿಗೆ ತಂದುಕೊಂಡರೆ ಒಳಿತು. ಯಂತ್ರವಿತ್ತರೆ ದಾಸೋಹ ಮುಗಿಯಲಿಲ್ಲ; ಅದನ್ನು ನಡೆಸಿಕೊಂಡು ಹೋಗಬಲ್ಲ ಒಬ್ಬ ಉಪಾಧ್ಯಾಯರ ತರಬೇತಿಗೂ ಒಂದಿಷ್ಟು ಹಣ ಬೇಕು. ಹಳೆಯ ಯಂತ್ರಗಳು ಹೆಚ್ಚಾಗಿ ಉಳಿದಿರುವುದು ಇಂಥ ಶಾಲೆಗಳಲ್ಲಿಯೇ ಆದುದರಿಂದ, ಅವುಗಳ ಹಿನ್ನಡೆಯನ್ನು ಮೊದಲು ಕಾಣುವವರೂ ಇಲ್ಲಿಯವರೇ. ದೂರು ಬರೆಯಲು ದೊಡ್ಡ ಪಾಂಡಿತ್ಯ ಬೇಡ. ಯಂತ್ರದ ತಯಾರಕರು ಮತ್ತು ಮಾದರಿ, ಸರಿಯಾಗಿ ನಡೆದ ಕೊನೆಯ ಕರ್ನೆಲಿನ ಸಂಖ್ಯೆ, ಕೆಟ್ಟ ಮೊದಲನೆಯದರ ಸಂಖ್ಯೆ, ಚಾಲೂ ಆಗುವಾಗ ಕರ್ನೆಲ್ ತಾನೇ ಬರೆದಿಡುವ ಸಂದೇಶಗಳು, ಇಷ್ಟನ್ನು ಉಬುಂಟು, ಡೆಬಿಯನ್, ಫೆಡೋರಾ ಮೊದಲಾದ ತಮ್ಮ ವಿತರಕರಿಗೆ ಕಳುಹಿಸಿದರೆ ಸಾಕು. ಹೊಸ ಕರ್ನೆಲ್ ಬಂದೊಡನೆ ಹಳೆಯದನ್ನು ಅಳಿಸಿಹಾಕಬಾರದು. ಆರಂಭದ ಪಟ್ಟಿಯಲ್ಲಿ ಅದನ್ನು ಆಯ್ದುಕೊಂಡು, ಉತ್ತರ ಬರುವವರೆಗೆ ಮಕ್ಕಳ ಪಾಠವನ್ನು ಅದರಲ್ಲಿಯೇ ನಡೆಸಬಹುದು.