ಮನೆಯಲ್ಲಿ ಗಂಡಸರು ಯಾರೂ ಇಲ್ಲವೇ?

“ಮನೇಲಿ ಗಂಡಸರು ಯಾರೂ ಇಲ್ವಾಮ್ಮಾ?”

ಈ ಪ್ರಶ್ನೆಯನ್ನು ಕಳೆದ ವರ್ಷ ನನಗೆ ಎಷ್ಟು ಜನ ಕೇಳಿದರೆಂದು ಲೆಕ್ಕ ಇಡಲು ಹೊರಟು, ಏಳಕ್ಕೆ ಬಂದ ಮೇಲೆ ಬಿಟ್ಟುಬಿಟ್ಟೆ. ಕೇಳಿದವರೆಲ್ಲ ಕೆಟ್ಟವರಲ್ಲ. ಒಬ್ಬರಂತೂ ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟು, ಆಮೇಲೆ ಕೇಳಿದರು. ಆದರೆ ಮರ್ಯಾದೆಯಿಂದ ಕೇಳಿದ ಮಾತ್ರಕ್ಕೆ ಪ್ರಶ್ನೆಗೆ ಮರ್ಯಾದೆ ಬಂದುಬಿಡುವುದಿಲ್ಲ.

ವಿಷಯ ಇಷ್ಟೇ. ಜೆ.ಪಿ. ನಗರದ ನಮ್ಮ ತವರುಮನೆಯ ಮೆಟ್ಟಿಲ ಕೆಳಗೆ ಹಳೇ ದುಪ್ಪಟಿ ಹೊದ್ದುಕೊಂಡು ಒಂದು ಯೆಜ್ಡಿ ಮೋಟಾರ್ ಸೈಕಲ್ ನಿಂತಿದೆ. ಅಪ್ಪ 1978ರಲ್ಲಿ ಕೊಂಡದ್ದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿ. ಮೊದಲು ಜಾವಾ ಎಂದಿದ್ದ ಹೆಸರು 1973ರಿಂದ ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆಯೇ ಬಾಗಿಲು ಹಾಕಿತು. ಎರಡು ಕಡೆಗೂ ಸೈಲೆನ್ಸರ್, ಒದ್ದು ಸ್ಟಾರ್ಟ್ ಮಾಡುವುದಕ್ಕೂ ಗೇರ್ ಹಾಕುವುದಕ್ಕೂ ಒಂದೇ ಸನ್ನೆ. ಟ್ಯಾಂಕಿನ ಮೇಲೆ ನಾನು, ಆಮೇಲೆ ಅಪ್ಪ, ನಡುವೆ ಒತ್ತಿಕೊಂಡು ತಮ್ಮ, ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟುಕೊಂಡ ಅಮ್ಮ: ಹೀಗೆ ನಾಲ್ಕು ಜನ ಶನಿವಾರ ರಾಗಿಗುಡ್ಡಕ್ಕೆ ಹೋಗಿಬರುತ್ತಿದ್ದೆವು. ಆ ಗಾಡಿಗೆ ಮುಂಗಡ ಕಟ್ಟಿದ್ದು ಅಮ್ಮ ಎತ್ತಿದ ಚೀಟಿ ದುಡ್ಡಿನಿಂದ. ಆರ್.ಸಿ. ಪುಸ್ತಕದಲ್ಲಿದ್ದದ್ದು ಮಾತ್ರ ಅಪ್ಪನ ಹೆಸರು. ಅದು ಆಗ ಯಾರಿಗೂ ವಿಚಿತ್ರವೆನಿಸಲಿಲ್ಲ, ಅಮ್ಮನಿಗೂ ಅನಿಸಲಿಲ್ಲ.

ಅಪ್ಪ ಹೋಗಿ ಎರಡು ವರ್ಷವಾದ ಮೇಲೆ ನನ್ನ ಮಗಳು ತಾತನ ಗಾಡಿಯನ್ನು ತಾನು ಓಡಿಸುತ್ತೇನೆಂದು ಹಟ ಹಿಡಿದಳು. ಅಮ್ಮನ ಮುಖ ಅರಳಿತು. ಕಾಗದ ಹುಡುಕಿದೆವು, ಇಲ್ಲ. ಅಪ್ಪನ ನೀಲಿ ರೆಕ್ಸಿನ್ ಚೀಲವೇ ಇಲ್ಲ. ಅಮ್ಮ ಬಾಗಿಲಿಗೊರಗಿ ಮೆಲ್ಲಗೆ ಹೇಳಿದಳು: “ಹೋದ ಯುಗಾದಿಗೆ ಮನೆ ಗುಡಿಸುವಾಗ ರದ್ದಿಗೆ ಹಾಕಿಬಿಟ್ಟೆನೇನೋ ಕಣೇ. ಅದರಲ್ಲಿ ಏನಿದೆ ಅಂತ ನಂಗೆ ಯಾರು ಹೇಳಿದ್ರು?”

ಅಂದಿನಿಂದ ಅಮ್ಮ ತಾನು ಮಹಾಪರಾಧ ಮಾಡಿದವಳಂತೆ ಓಡಾಡತೊಡಗಿದಳು. ನಾನು ಕಚೇರಿ ಅಲೆಯಲು ಶುರುಮಾಡಿದ್ದು ಮಗಳ ಹಟಕ್ಕಿಂತ ಹೆಚ್ಚಾಗಿ ಆ ಮುಖ ನೋಡಲಾರದೆ.

ಕಳೆದುಹೋದ ಆರ್.ಸಿ.ಗೆ ಬದಲಿ ಪಡೆಯುವುದು ಬ್ರಹ್ಮವಿದ್ಯೆಯಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 53ನೆಯದನ್ನು ಓದಿದರೆ ಸಾಕು. ಕಳೆದದ್ದನ್ನು ಪೊಲೀಸರಿಗೆ ತಿಳಿಸಬೇಕು, ನೋಂದಣಿ ಕಚೇರಿಗೆ ಬರೆದುಕೊಡಬೇಕು, 26ನೇ ನಮೂನೆಯಲ್ಲಿ ಅರ್ಜಿ ಹಾಕಬೇಕು. ಪೊಲೀಸರಿಗೆ ತಿಳಿಸುವುದು ಈಗ ಇ-ಲಾಸ್ಟ್ ಎಂಬ ವ್ಯವಸ್ಥೆಯಲ್ಲಿ ಮನೆಯಲ್ಲೇ ಕೂತು ಆಗುವ ಕೆಲಸ. ಮಾಲೀಕರು ತೀರಿಕೊಂಡಿದ್ದರೆ 56ನೇ ನಿಯಮ, 31ನೇ ನಮೂನೆ. ಅಲ್ಲೊಂದು ಗಡುವೂ ಇದೆ. ಸಾವಾದ 30 ದಿನದೊಳಗೆ ತಿಳಿಸಬೇಕು, ಮೂರು ತಿಂಗಳೊಳಗೆ ಅರ್ಜಿ ಕೊಡಬೇಕು. ವೈಕುಂಠ ಸಮಾರಾಧನೆಯ ಎಲೆ ತೆಗೆಯುವುದರೊಳಗೆ ಯಾವ ಹೆಂಗಸಿಗೆ ಮೋಟಾರ್ ಸೈಕಲ್ಲಿನ ನೆನಪು ಬರುತ್ತದೆ, ನೀವೇ ಹೇಳಿ.

ಇರಲಿ, ತಡವಾದದ್ದು ನಮ್ಮದೇ. ಅದಕ್ಕೆ ದಂಡ ಕಟ್ಟೋಣ. ನನ್ನ ಜಗಳ ಅದಲ್ಲ.

ಮೊದಲ ಕಿಟಕಿಯಲ್ಲಿ ಹೇಳಿದರು: “ಬದಲಿ ಆರ್.ಸಿ. ಅರ್ಜಿಗೆ ಮಾಲೀಕರ ಸಹಿ ಬೇಕು. ಅವರಿಲ್ಲ ಅಂದ್ರೆ ಮೊದಲು ನಿಮ್ಮ ತಾಯಿ ಹೆಸರಿಗೆ ವರ್ಗಾವಣೆ ಮಾಡಿಸ್ಕೊಂಡು ಬನ್ನಿ.” ಎರಡನೇ ಕಿಟಕಿಗೆ ಹೋದರೆ, “ವರ್ಗಾವಣೆಗೆ ಆರ್.ಸಿ. ಬೇಕಲ್ಲಮ್ಮಾ, ಮೊದಲು ಬದಲಿ ಆರ್.ಸಿ. ತಗೊಂಡು ಬನ್ನಿ.” ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ಯಾರೋ ಅಲ್ಲಿಯೇ ನಿಂತು ಕಟ್ಟಿರಬೇಕು.

ಮೂರನೇ ಸಲ ಹೋದಾಗ ಹೊರಗೆ ಮರದ ಕೆಳಗೆ ನಿಂತಿದ್ದ ಏಜೆಂಟನೊಬ್ಬ ತಾನಾಗಿಯೇ ಬಂದ. “ಮೇಡಂ, ಎಂ.ವೈ. ನಂಬರಿನ ಗಾಡಿ, ಅಷ್ಟು ಹಳೇದು. ರೆಕಾರ್ಡೇ ಸಿಗಲ್ಲ. ಗುಜರಿಗೆ ಹಾಕಿಬಿಡಿ. ನಿಮಗೆ ತೊಂದರೆ ಬೇಡ, ನಾನೇ ಬಂದು ತಗೊಂಡು ಹೋಗ್ತೀನಿ.” ಕೆ.ಎ. ನಂಬರು ಬಂದದ್ದು 1989ರಲ್ಲಿ. ಅದಕ್ಕೆ ಹಿಂದಿನ ಗಾಡಿಗಳು ಎಂ.ವೈ., ಎಂ.ಇ., ಸಿ.ಎ. ಮುಂತಾಗಿ ಇದ್ದವು. ಹಳೆಯ ನಂಬರಾದರೆ ಸತ್ತ ನಂಬರೇ? ಆತ ಹೇಳಿದ ಬೆಲೆ ಕಬ್ಬಿಣದ ತೂಕದ ಬೆಲೆ. ಕಾಗದ ಸರಿಯಿರುವ ಹಳೇ ಯೆಜ್ಡಿಗೆ ಇಂದು ಬೆಂಗಳೂರಿನಲ್ಲಿ ಹುಡುಗರು ಮುಗಿಬೀಳುತ್ತಾರೆ, ಅದು ಆತನಿಗೆ ನನಗಿಂತ ಚೆನ್ನಾಗಿ ಗೊತ್ತು. ಕಾಗದವಿಲ್ಲದ ವಿಧವೆಯಿಂದ ಗುಜರಿ ಬೆಲೆಗೆ ಕೊಂಡು, ಕಾಗದ ಮಾಡಿಸಿ ಹತ್ತುಪಟ್ಟಿಗೆ ಮಾರುವುದು ವ್ಯಾಪಾರ. ನಮಗೆ ‘ಸಿಗದ’ ದಾಖಲೆ ಆತನಿಗೆ ಹೇಗೆ ಸಿಗುತ್ತದೆ?

ಸಿಗುತ್ತದೆ, ಏಕೆಂದರೆ ಅದು ಅಲ್ಲೇ ಇದೆ! ಇದನ್ನು ದಯವಿಟ್ಟು ಗಮನವಿಟ್ಟು ಓದಿ. ನಮ್ಮ ಬಳಿ ಇರುವ ಆರ್.ಸಿ. ಮೂಲವಲ್ಲ. ನೋಂದಣಿಯ ಮೂಲ ದಾಖಲೆ ಕಚೇರಿಯಲ್ಲೇ ಇರುತ್ತದೆ. ಅದರ ನಕಲನ್ನು ‘ಬಿ ಎಕ್ಸ್‌ಟ್ರಾಕ್ಟ್’ ಎಂದು ಶುಲ್ಕ ಕಟ್ಟಿ ಯಾರು ಬೇಕಾದರೂ ಕೇಳಬಹುದು. ಅಮ್ಮ ರದ್ದಿಗೆ ಹಾಕಿದ್ದು ಕಚೇರಿಯವರ ಪುಸ್ತಕದಲ್ಲಿರುವುದರ ಒಂದು ಪ್ರತಿಯನ್ನಷ್ಟೇ. ಗಾಡಿಯ ಮೇಲೆ ಚಾಸಿಸ್ ನಂಬರಿದೆ. ಬಿಳಿ ಕಾಗದ ಒತ್ತಿಟ್ಟು ಪೆನ್ಸಿಲ್ ಉಜ್ಜಿದರೆ ರಂಗೋಲಿಯ ಹಾಗೆ ಎದ್ದುಬರುತ್ತದೆ. ಆ ನಂಬರು, ಪುಸ್ತಕದ ನಂಬರು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಗಾಡಿ ಕದ್ದದ್ದೋ ಸ್ವಂತದ್ದೋ ತಿಳಿಯುತ್ತದೆ. ಕಳ್ಳಗಾಡಿಗಳ ಕಾಲ ಇದು, ಬಿಗಿಯಾಗಿ ಪರೀಕ್ಷೆ ಮಾಡಲಿ, ಬೇಡವೆನ್ನುವುದಿಲ್ಲ. ಆದರೆ ‘ಗಂಡಸರು ಯಾರಿದ್ದಾರೆ’ ಎಂದು ಕೇಳುವುದು ಯಾವ ಪರೀಕ್ಷೆ?

ಇನ್ನು ವಾರಸುದಾರರ ಕಾಗದದ ಕಥೆ. ಕುಟುಂಬದ ಸದಸ್ಯರ ದೃಢೀಕರಣಕ್ಕೆ ಅರ್ಜಿ ಬರೆಯುವಾಗ, ಬರೆಸಿಕೊಳ್ಳುತ್ತಿದ್ದಾತ ನನ್ನ ಹೆಸರನ್ನೇ ಬಿಟ್ಟ. “ಮದುವೆಯಾದ ಹೆಣ್ಣುಮಕ್ಕಳದ್ದು ಬೇಕಾಗಲ್ಲ ಬಿಡಿ. ಮಗ ಇದ್ದಾರಲ್ಲ, ಗಾಡಿ ಅವರ ಹೆಸರಿಗೇ ಮಾಡಿಸಿ, ಸುಲಭ.” ಆ ಮಗ, ನನ್ನ ತಮ್ಮ, ಪುಣೆಯಲ್ಲಿದ್ದಾನೆ, ಅವನಿಗೆ ಸ್ಕೂಟರೂ ಸರಿಯಾಗಿ ಬರುವುದಿಲ್ಲ. ಫೋನಿನಲ್ಲಿ, “ಅಕ್ಕಾ, ಗಾಡಿ ಅಮ್ಮಂದು. ಎಲ್ಲಿ ಸಹಿ ಹಾಕ್ಬೇಕು ಹೇಳು, ಹಾಕ್ತೀನಿ,” ಎಂದ. ಅವನಿಗೆ ಅರ್ಥವಾದದ್ದು ಮೇಜಿನ ಹಿಂದೆ ಕೂತವರಿಗೆ ಅರ್ಥವಾಗಲಿಲ್ಲ.

1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಏನು ಹೇಳುತ್ತದೆ? ಉಯಿಲು ಬರೆಯದೆ ತೀರಿಕೊಂಡ ಗಂಡಸಿನ ಸ್ವಂತ ಆಸ್ತಿಗೆ ಹೆಂಡತಿ, ಮಗ, ಮಗಳು, ಬದುಕಿದ್ದರೆ ತಾಯಿ, ಇವರೆಲ್ಲ ಮೊದಲ ವರ್ಗದ ವಾರಸುದಾರರು. ಎಲ್ಲರಿಗೂ ಸಮಪಾಲು. ಮಗಳಿಗೆ ಮದುವೆಯಾಗಿದೆಯೇ ಎಂದು ಆ ಕಾಯಿದೆ ಕೇಳುವುದೇ ಇಲ್ಲ. ಪಿತ್ರಾರ್ಜಿತ ಆಸ್ತಿಯ ಮಾತು ಬೇರೆಯಿತ್ತು. ಕರ್ನಾಟಕ 1994ರಲ್ಲಿ ತಂದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಅದರಲ್ಲಿ ಹಕ್ಕು ಕೊಟ್ಟರೂ ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆದುಹಾಕಿತು. ಕಾಯಿದೆ ಬದಲಾದದ್ದು ಎಲ್ಲ ಮೇಜುಗಳಿಗೂ ಇನ್ನೂ ತಲುಪಿಲ್ಲ. ನನ್ನ ಹೆಸರನ್ನು ಅಲ್ಲೇ ನಿಂತು ಬರೆಸಿದೆ, ಆಮೇಲೆ ತಮ್ಮನೂ ನಾನೂ ಅಮ್ಮನ ಪರವಾಗಿ ನಮ್ಮ ಒಪ್ಪಿಗೆ ಬರೆದುಕೊಟ್ಟೆವು. ಇಲ್ಲವೆಂದು ಬಿಟ್ಟುಬಿಡುವುದು ಬೇರೆ, ಇದ್ದದ್ದನ್ನು ನಾನಾಗಿ ಬಿಟ್ಟುಕೊಡುವುದು ಬೇರೆ.

ಕಿಟಕಿಗಳ ಆ ಸುತ್ತಾಟ ಮುಗಿದದ್ದು ಹೇಗೆಂದು ಹೇಳಿಬಿಡುತ್ತೇನೆ, ನಿಮಗೂ ಉಪಯೋಗಕ್ಕೆ ಬಂದೀತು. ಎರಡೂ ಅರ್ಜಿಗಳನ್ನು ಒಟ್ಟಿಗೆ, ಒಂದೇ ಪತ್ರದ ಜೊತೆ ಕೊಟ್ಟೆ. “ತಗೊಳ್ಳೋಕಾಗಲ್ಲ ಅಂದ್ರೆ ಯಾಕೆ ಅಂತ ಇದರ ಮೇಲೇ ಬರೆದುಕೊಡಿ” ಎಂದೆ. ಬಾಯಲ್ಲಿ ‘ಆಗಲ್ಲ’ ಎನ್ನುವವರು ಬರವಣಿಗೆಯಲ್ಲಿ ‘ಆಗಲ್ಲ’ ಎನ್ನುವುದು ಅಪರೂಪ. ಸ್ವೀಕೃತಿ ಚೀಟಿ ಕೇಳಿದೆ. 2012ರ ಏಪ್ರಿಲ್‌ನಿಂದ ನಮ್ಮ ರಾಜ್ಯದಲ್ಲಿ ಸಕಾಲ ಇದೆ. ಅದರಡಿ ಬರುವ ಕೆಲಸಗಳ ಅರ್ಜಿಗೆ 15 ಅಂಕಿಯ ಸಂಖ್ಯೆ ಕೊಡಬೇಕು, ತಡಮಾಡಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. 20 ರೂಪಾಯಿಗೆ ಇಂದು ಒಂದು ಮೊಳ ಮಲ್ಲಿಗೆಯೂ ಬರುವುದಿಲ್ಲ, ನಿಜ. ಆದರೆ ಗಡಿಯಾರ ಅವರ ಗೋಡೆಯ ಮೇಲೂ ಓಡುತ್ತಿದೆ ಎಂದು ನೆನಪಿಸಲು ಅಷ್ಟು ಸಾಕು. ನವೀಕರಣದ ಶುಲ್ಕವನ್ನೂ ಕಟ್ಟಿದೆ. ಹದಿನೈದು ವರ್ಷ ದಾಟಿದ ಬೈಕಿಗೆ 300 ಇದ್ದದ್ದು 2022ರಲ್ಲಿ 1000 ಆಯಿತು. 20 ವರ್ಷ ದಾಟಿದ್ದಕ್ಕೆ 2025ರಲ್ಲಿ 2000 ಮಾಡಿದ್ದಾರೆ. ಹಣ ಹೋದದ್ದಕ್ಕೆ ಕೊರಗಲಿಲ್ಲ, ರಸೀದಿ ಬಂತಲ್ಲ.

ಐದು ತಿಂಗಳು ಹಿಡಿಯಿತು. ಕೊನೆಗೆ ಅಮ್ಮನ ಹೆಸರಿನ ಕಾರ್ಡು ಬಂತು.

ಈಗ ನಮ್ಮ ಕಡೆಗೂ ಒಂದು ಮಾತು, ಕೋಪ ಮಾಡಿಕೊಳ್ಳಬೇಡಿ. ಕಚೇರಿಯವರು ‘ಗಂಡಸರು ಇಲ್ವಾ’ ಎಂದು ಕೇಳುವುದಕ್ಕೆ ಧೈರ್ಯ ಕೊಟ್ಟವರು ನಾವೂ ಹೌದು. ಉಪ್ಪಿನಕಾಯಿ ಜಾಡಿಯಲ್ಲಿ ಎಷ್ಟು ಹೋಳು ಉಳಿದಿದೆಯೆಂದು ಹೇಳಬಲ್ಲ ನಮಗೆ, ಮನೆಯ ಪತ್ರ ಯಾವ ಬೀರುವಿನಲ್ಲಿದೆಯೆಂದು ಗೊತ್ತಿರುವುದಿಲ್ಲ. ‘ಅದೆಲ್ಲ ಅವರೇ ನೋಡ್ಕೋತಾರೆ’ ಎನ್ನುವುದನ್ನು ಸುಖವೆಂದು ತಿಳಿದಿದ್ದೇವೆ. ಅವರು ಹೋದ ಮರುದಿನ ಆ ಸುಖವೇ ನಮ್ಮನ್ನು ಕಿಟಕಿಯಿಂದ ಕಿಟಕಿಗೆ ಅಲೆಸುತ್ತದೆ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಗಾಡಿಯನ್ನು ಒರೆಸಿ, ಹೊದಿಸಿ ಕಾಪಾಡಿದವಳು ಅಮ್ಮ. ಕಾಗದದ ಮಟ್ಟಿಗೆ ಅವಳು ಹಿಂದಿನ ಸೀಟಿನ ಸವಾರಿಯಾಗಿಯೇ ಉಳಿದಿದ್ದಳು.

ಅದಕ್ಕೇ ಹೇಳುವುದು: ಇವತ್ತು ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ ಬೀರುವಿನ ಬಾಗಿಲು ತೆಗೆಯಿರಿ. ಯಜಮಾನರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಂದೊಂದು ಕಾಗದವನ್ನೂ ಓದಿ, ಯಾರ ಹೆಸರಿದೆ ನೋಡಿ, ಪಟ್ಟಿ ಮಾಡಿ. ಗಾಡಿಯ ನೋಂದಣಿಯಲ್ಲಿ ನಾಮಿನಿ ಹೆಸರು ಸೇರಿಸಲು 2021ರಿಂದ ಅವಕಾಶವಿದೆ; ಸೇರಿಸಲು ಹೇಳಿ. ಅಪಶಕುನವೆಂದರೆ, ಎಲ್.ಐ.ಸಿ. ಪಾಲಿಸಿಗೆ ಸಹಿ ಹಾಕಿದಾಗ ಅಪಶಕುನ ಎಲ್ಲಿ ಹೋಗಿತ್ತೆಂದು ಕೇಳಿ.

ಕಾರ್ಡು ಬಂದ ದಿನ ಅಮ್ಮ ಅದನ್ನು ದೇವರ ಮುಂದಿಡುತ್ತಾಳೆಂದುಕೊಂಡಿದ್ದೆ. ಇಡಲಿಲ್ಲ. ಕನ್ನಡಕ ಹಾಕಿಕೊಂಡು ತನ್ನ ಹೆಸರನ್ನು ಎರಡು ಸಲ ಓದಿದಳು. ಆಮೇಲೆ ತಲೆಯೆತ್ತಿ ಕೇಳಿದಳು:

“ಅದು ಸರಿ, ಈ ಮನೆ ಖಾತೆ ಯಾರ ಹೆಸರಲ್ಲಿದೆಯೇ?”