ಹಸಿ ಮೊಟ್ಟೆ ಮತ್ತು ನ್ಯೂಟ್ರಾನ್ ನಕ್ಷತ್ರ

ಹಸಿ ಕೋಳಿಮೊಟ್ಟೆಯೊಂದನ್ನು ತಟ್ಟೆಯ ಮೇಲೆ ಬುಗುರಿಯಂತೆ ತಿರುಗಿಸಿ. ಬೆರಳಿನಿಂದ ಒಮ್ಮೆ ತಡೆದು ತಕ್ಷಣ ಬಿಟ್ಟುಬಿಡಿ. ನಿಂತ ಮೊಟ್ಟೆ ತಾನಾಗಿಯೇ ಮತ್ತೆ ತಿರುಗತೊಡಗುತ್ತದೆ! ಚಿಪ್ಪು ನಿಂತರೂ ಒಳಗಿನ ದ್ರವ ಸುತ್ತುತ್ತಲೇ ಇದ್ದು, ಚಿಪ್ಪನ್ನೂ ತನ್ನೊಡನೆ ಎಳೆದುಕೊಳ್ಳುತ್ತದೆ. ಬೇಯಿಸಿದ ಮೊಟ್ಟೆಯಲ್ಲಿ ಈ ಆಟ ನಡೆಯದು. ಒಡೆಯದೆಯೇ ಒಳಗೇನಿದೆ ಎಂದು ತಿಳಿಯುವ ಈ ಉಪಾಯ ನ್ಯೂಟ್ರಾನ್ ನಕ್ಷತ್ರಗಳಿಗೂ ಒಪ್ಪುತ್ತದೆ.

ಸೂರ್ಯನಿಗಿಂತ ಬಹಳ ಭಾರವಾದ ನಕ್ಷತ್ರ ಸಿಡಿದಾಗ ಅದರ ತಿರುಳು ಕುಸಿಯುತ್ತದೆ. ಪರಮಾಣುಗಳು ಜಜ್ಜಿಹೋಗಿ, ಎಲೆಕ್ಟ್ರಾನು ಪ್ರೋಟಾನುಗಳು ಬೆಸೆದು, ಬಹುಪಾಲು ನ್ಯೂಟ್ರಾನುಗಳೇ ಉಳಿಯುತ್ತವೆ. ಸೂರ್ಯನಿಗಿಂತ ಹೆಚ್ಚಿನ ದ್ರವ್ಯರಾಶಿ ಸುಮಾರು 25 ಕಿಲೋಮೀಟರ್ ಅಡ್ಡಳತೆಯ ಗೋಳದಲ್ಲಿ ಅಡಕವಾಗುತ್ತದೆ. ಅದರ ಒಂದು ಚಮಚ ದ್ರವ್ಯವೇ ನೂರಾರು ಕೋಟಿ ಟನ್ ತೂಗೀತು!

ದಕ್ಷಿಣಾಕಾಶದ ವೇಲಾ ನಕ್ಷತ್ರಪುಂಜದಲ್ಲಿ ಇಂಥದೊಂದು ನಕ್ಷತ್ರ ಸೆಕೆಂಡಿಗೆ 11 ಬಾರಿ ಸುತ್ತುತ್ತಿದೆ. ಪ್ರತಿ ಸುತ್ತಿಗೂ ಒಂದು ರೇಡಿಯೊ ಮಿಡಿತ ಭೂಮಿಗೆ ತಲುಪುತ್ತದೆ. ಆದ್ದರಿಂದಲೇ ಅದಕ್ಕೆ ಪಲ್ಸಾರ್ ಎಂಬ ಹೆಸರು. ಶಕ್ತಿ ವ್ಯಯವಾದಂತೆ ಅದು ನಿಧಾನವಾಗುತ್ತಲೇ ಹೋಗಬೇಕು. ಆದರೆ 1969ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೊ ದೂರದರ್ಶಕದಿಂದ ಅದನ್ನು ಗಮನಿಸುತ್ತಿದ್ದ ವಿ. ರಾಧಾಕೃಷ್ಣನ್ ಮತ್ತು ಆರ್. ಎನ್. ಮ್ಯಾಂಚೆಸ್ಟರ್ ಅವರಿಗೆ ಕಂಡದ್ದೇ ಬೇರೆ. ನಕ್ಷತ್ರದ ವೇಗ ಒಮ್ಮೆಲೇ ಹೆಚ್ಚಿತ್ತು! ಹೆಚ್ಚಳ ಹತ್ತು ಲಕ್ಷದಲ್ಲಿ ಎರಡು ಪಾಲು ಮಾತ್ರ. ಆದರೂ ಸುಮಾರು ಎರಡೂವರೆ ವಾರಗಳಲ್ಲಿ ಕಳೆದುಕೊಂಡಷ್ಟು ವೇಗ ಒಂದೇ ನೆಗೆತಕ್ಕೆ ಮರಳಿತ್ತು. ಸರ್ ಸಿ. ವಿ. ರಾಮನ್ ಅವರ ಪುತ್ರರಾದ ಈ ರಾಧಾಕೃಷ್ಣನ್ 1972ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು.

ನಕ್ಷತ್ರವನ್ನು ತಳ್ಳಿದವರು ಯಾರು? ಗಟ್ಟಿ ತೊಗಟೆ ಬಿರುಕು ಬಿಟ್ಟು ನಕ್ಷತ್ರ ಕುಗ್ಗಿರಬಹುದೆಂದು ಕೆಲವರು ಊಹಿಸಿದರು. ಆದರೆ ವೇಲಾ ಪಲ್ಸಾರ್ ಸುಮಾರು ಮೂರು ವರ್ಷಕ್ಕೊಮ್ಮೆ ಹೀಗೆ ನೆಗೆಯುತ್ತಲೇ ಬಂದಿದೆ. ಅಷ್ಟು ಬಾರಿ ಬಿರಿಯುವ ಕಸುವು ತೊಗಟೆಗಿಲ್ಲ. ಬಹುತೇಕ ವಿಜ್ಞಾನಿಗಳು ಒಪ್ಪುವ ಉತ್ತರ ಹಸಿ ಮೊಟ್ಟೆಯದೇ. ತೊಗಟೆಯೊಳಗಿನ ನ್ಯೂಟ್ರಾನುಗಳು ಘರ್ಷಣೆಯೇ ಇಲ್ಲದೆ ಹರಿಯುವ ಅತಿದ್ರವವಾಗಿವೆ. ತೊಗಟೆ ನಿಧಾನವಾದರೂ ಅತಿದ್ರವ ಹಿಂದಿನ ವೇಗದಲ್ಲೇ ಸುತ್ತುತ್ತದೆ. ಅಂತರ ಮಿತಿಮೀರಿದಾಗ ಅದರೊಳಗಿನ ಸುಳಿಗಳು ಕಳಚಿಕೊಂಡು ತೊಗಟೆಗೆ ವೇಗ ನೀಡುತ್ತವೆ.

ಭೂಮಿಯಲ್ಲಿ ಹೀಲಿಯಂ ಅತಿದ್ರವವಾಗಲು ಮೈನಸ್ 271 ಡಿಗ್ರಿ ಸೆಲ್ಸಿಯಸ್ ಚಳಿ ಬೇಕು. ನಕ್ಷತ್ರದೊಳಗಾದರೋ ಕೋಟಿಗಟ್ಟಲೆ ಡಿಗ್ರಿ ಶಾಖ. ಆದರೆ ಅಲ್ಲಿನ ಸಾಂದ್ರತೆ ಎಷ್ಟಿದೆಯೆಂದರೆ, ನ್ಯೂಟ್ರಾನುಗಳ ಪಾಲಿಗೆ ಆ ಶಾಖವೂ ತಂಪೇ!

2016ರ ಡಿಸೆಂಬರ್ 12ರಂದು ಟಾಸ್ಮೇನಿಯಾದ ದೂರದರ್ಶಕವೊಂದು ವೇಲಾದ ಒಂದೊಂದೇ ಮಿಡಿತವನ್ನು ದಾಖಲಿಸುತ್ತಿದ್ದಾಗಲೇ ಇನ್ನೊಂದು ನೆಗೆತ ಸಿಕ್ಕಿತು. ಅದು ಕೆಲವೇ ಸೆಕೆಂಡುಗಳಲ್ಲಿ ಮುಗಿದಿತ್ತು. ಇನ್ನು ಮೊಟ್ಟೆಯ ನಡುವಿನ ಹಳದಿ? ನಕ್ಷತ್ರದ ಗರ್ಭದಲ್ಲಿ ನ್ಯೂಟ್ರಾನುಗಳೇ ಇವೆಯೋ, ಅವೂ ಕರಗಿ ಕ್ವಾರ್ಕುಗಳಾಗಿವೆಯೋ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಇಂದು ಶಾಲೆಯಲ್ಲಿ ಓದುತ್ತಿರುವ ಯಾರಾದರೂ ಅದಕ್ಕೆ ಉತ್ತರ ಹುಡುಕಬಹುದು.