ಯೆಲ್ಲೋ ಅಲರ್ಟ್ ಮತ್ತು ರಸ್ತೆಯಲ್ಲಿ ಹರಡಿದ ಭತ್ತ

ಏಪ್ರಿಲ್ ಕೊನೆಯ ಹೊತ್ತಿಗೆ ಹಿಟ್ನಾಳದಿಂದ ಗಂಗಾವತಿ ಕಡೆಗೆ ಹೊರಟರೆ ರಸ್ತೆಯಂಚಿನಲ್ಲಿ ಬೇಸಿಗೆ ಬೆಳೆಯ ಭತ್ತ ಒಣಗಲು ಹರಡಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಮೊಬೈಲಿಗೊಂದು ಸಂದೇಶ ಬರುತ್ತದೆ: ಕೊಪ್ಪಳ ಜಿಲ್ಲೆಯ ಒಂದೆರಡು ಕಡೆ ಗುಡುಗು, ಸಿಡಿಲು, ಬಿರುಗಾಳಿ ಸಹಿತ ಮಳೆ, ಯೆಲ್ಲೋ ಅಲರ್ಟ್. ಮೇಲೆ ನೋಡಿದರೆ ಸುಡು ಬಿಸಿಲು. ಭತ್ತವನ್ನು ಗುಡ್ಡೆ ಮಾಡಿ ತಾಡಪತ್ರಿ ಹೊದಿಸಿದರೆ ಆಳಿನ ಕೂಲಿಯೂ ಹೋಯಿತು, ಒಂದು ದಿನದ ಬಿಸಿಲೂ ಹೋಯಿತು. ಹಾಗೇ ಬಿಟ್ಟು ಮಳೆ ಬಂದರೆ ತೊಯ್ದ ಕಾಳಿಗೆ ವ್ಯಾಪಾರಿ ಹೇಳಿದ್ದೇ ದರ. ರೈತ ಸಂದೇಶವನ್ನು ಓದಿ, ಮತ್ತೊಮ್ಮೆ ಆಕಾಶ ನೋಡಿ, ಮೊಬೈಲನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ.

ಅವನದು ಉದಾಸೀನವೇ, ಲೆಕ್ಕಾಚಾರವೇ? ಎಚ್ಚರಿಕೆ ಎಷ್ಟು ಸಲ, ಎಷ್ಟು ಜೋರಾಗಿ ಕೊಡಬೇಕು ಎಂಬ ವಾದ ಇಲ್ಲಿಂದಲೇ ಶುರುವಾಗುತ್ತದೆ.

ಅನುಮಾನವಿದ್ದರೂ ಎಚ್ಚರಿಸಬೇಕು ಎನ್ನುವವರ ಕೈಯಲ್ಲಿರುವ ಬಲವಾದ ಕಾರಣ ಸಿಡಿಲು. ಪ್ರವಾಹ ಬರುವ ಮೊದಲು ನದಿ ಏರುವುದು ಕಾಣುತ್ತದೆ. ಸಿಡಿಲಿಗೆ ಅಂಥ ಮುನ್ಸೂಚನೆ ಕಡಿಮೆ. ಯಲಬುರ್ಗಾ, ಕುಷ್ಟಗಿ ಕಡೆಯ ಬಯಲು ಎರೆ ಹೊಲದಲ್ಲಿ ಕುರಿಗಾಹಿಗೆ ಆಸರೆಯೆಂದರೆ ಒಂದು ಬೇವಿನ ಮರ, ಅದೇ ಅಪಾಯದ ಜಾಗ. ಪಕ್ಕಾ ಮನೆ ಸೇರಲು ಅವನಿಗೆ ಅರ್ಧ ಗಂಟೆಯಾದರೂ ಬೇಕು. ಹತ್ತು ಸಲ ಸುಳ್ಳಾದರೂ ಹನ್ನೊಂದನೆಯದು ಜೀವ ಉಳಿಸಿದರೆ ಸಾಕಲ್ಲವೇ ಎಂಬ ಪ್ರಶ್ನೆಗೆ ಎದುರಾಡುವುದು ಸುಲಭವಲ್ಲ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ರೂಪಿಸಿದ 'ದಾಮಿನಿ', ನಮ್ಮ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್‌ಗಳು ಹುಟ್ಟಿದ್ದೇ ಈ ಕಾಳಜಿಯಿಂದ.

ಆದರೆ ಎದುರು ವಾದವನ್ನು ಬರೀ ಸೋಮಾರಿತನವೆಂದು ತಳ್ಳಿಹಾಕುವಂತಿಲ್ಲ. ಹವಾಮಾನ ಇಲಾಖೆಯ ಭಾಷೆಯಲ್ಲಿ 'ಒಂದೆರಡು ಕಡೆ' ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಶೇ 25ರಷ್ಟು ಕಡೆ. ಅಂದರೆ ಮುನ್ಸೂಚನೆ ನೂರಕ್ಕೆ ನೂರು ನಿಜವಾದ ದಿನವೂ ಮುಕ್ಕಾಲು ಜಿಲ್ಲೆಗೆ ಅದು ಸುಳ್ಳಾಗಿ ಕಾಣಬಹುದು. ಇಲಾಖೆ ತಪ್ಪಿಲ್ಲ, ರೈತನೂ ತಪ್ಪಿಲ್ಲ, ನಂಬಿಕೆ ಮಾತ್ರ ಸವೆಯುತ್ತದೆ. ಕಾಲುವೆ ನೀರಿನ ಗಂಗಾವತಿಗೂ ಮಳೆಯನ್ನೇ ಕಾಯುವ ಕುಷ್ಟಗಿಗೂ ನಕಾಶೆಯಲ್ಲಿ ಒಂದೇ ಹಳದಿ ಬಣ್ಣ ಬಳಿದರೆ, ಒಬ್ಬನಿಗೆ ಬೆದರಿಕೆಯಾದದ್ದು ಇನ್ನೊಬ್ಬನಿಗೆ ಆಸೆ. (ಮೇ ತಿಂಗಳಲ್ಲಿ ಕುಷ್ಟಗಿಯ ರೈತ ಯೆಲ್ಲೋ ಅಲರ್ಟ್ ಕಂಡು ಖುಷಿಪಟ್ಟರೆ ಅವನನ್ನು ತಪ್ಪೆನ್ನಲು ನನಗೆ ಮನಸ್ಸಾಗದು.)

ಹಾಗೆಂದು ಎಚ್ಚರಿಕೆಯನ್ನು ಬಿಗಿಹಿಡಿಯಬೇಕೇ? ಹಿಟ್ನಾಳದಂಥ ಊರಿನಲ್ಲಿ ಕೂತು ಹೌದೆನ್ನಲು ಧೈರ್ಯ ಸಾಲದು. ಮುನಿರಾಬಾದಿನ ತುಂಗಭದ್ರಾ ಜಲಾಶಯ ತೀರ ಹತ್ತಿರದಲ್ಲಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ಲಿಂಕ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಆ ಒಂದೇ ಕಿಂಡಿಯಿಂದ ಸುಮಾರು 35,000 ಕ್ಯುಸೆಕ್ ನುಗ್ಗಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಿ, ನದಿಪಾತ್ರದ ಊರುಗಳಿಗೆ ಎಚ್ಚರಿಕೆ ಕೊಡಬೇಕಾಯಿತು. ಇಂಥ ರಾತ್ರಿ ಅಧಿಕೃತ ಮಾತು ತಡವಾದಷ್ಟೂ 'ಡ್ಯಾಮ್ ಒಡೀತಂತ' ಎಂಬ ವಾಟ್ಸ್‌ಆ್ಯಪ್ ಮಾತು ಬೇಗ ಹಬ್ಬುತ್ತದೆ. ಬೇಗ ಹೇಳಬೇಕು ಎನ್ನುವವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಆದರೂ ಬೇಗ ಹೇಳಿದರಷ್ಟೇ ಮುಗಿಯಲಿಲ್ಲ. ನದಿಪಾತ್ರದವರಿಗೆ ಮುಟ್ಟುವ ಸುದ್ದಿ ಬಹುಮಟ್ಟಿಗೆ ಕ್ಯುಸೆಕ್ಕಿನಲ್ಲಿರುತ್ತದೆ: ಇಷ್ಟು ಸಾವಿರ ಬಿಡಲಾಗುವುದು, ನದಿಗೆ ಇಳಿಯಬೇಡಿ. ಆ ಅಂಕಿ ಎಂಜಿನಿಯರಿಗೆ ಎಲ್ಲವನ್ನೂ ಹೇಳುತ್ತದೆ. ದಂಡೆಯಲ್ಲಿ ಪಂಪ್‌ಸೆಟ್ ಇಟ್ಟವನಿಗೆ ಬೇಕಾದದ್ದು ಬೇರೆ: ಮೋಟಾರು ಬಿಚ್ಚಿಕೊಂಡು ಬರಬೇಕೇ? ಕಂಪ್ಲಿ ಸೇತುವೆ ಮುಳುಗುತ್ತದೆಯೇ? ಹಂಪಿಯ ಪುರಂದರ ಮಂಟಪ ಎಷ್ಟು ಮುಳುಗಿತು ಎಂಬುದರ ಮೇಲೆ ಹೊಳೆಯನ್ನು ಅಳೆಯುವ ಜನ ನಾವು. 2019ರ ಆಗಸ್ಟ್‌ನಲ್ಲಿ ಹೊಳೆ ನಡುವಿನ ವಿರೂಪಾಪುರ ಗಡ್ಡೆಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಬಿದ್ದಾಗ ದೋಣಿ, ಹೆಲಿಕಾಪ್ಟರ್ ಎರಡೂ ಬೇಕಾದವು. ಮುನ್ನೆಚ್ಚರಿಕೆ ಇನ್ನೂ ಜೋರಾಗಿರಬೇಕಿತ್ತು ಎಂಬುದಕ್ಕೂ, ಕಿವಿಗೆ ಬಿದ್ದ ಎಚ್ಚರಿಕೆ ಕಾಲನ್ನು ಎಬ್ಬಿಸಲಾರದು ಎಂಬುದಕ್ಕೂ ಅದೇ ಘಟನೆಯನ್ನು ತೋರಿಸಬಹುದು.

ಹೇಳುವವರ ಕಷ್ಟವನ್ನೂ ಮರೆಯಬಾರದು. ಎಚ್ಚರಿಸಿ ಮಳೆ ಬಾರದಿದ್ದರೆ ನಗೆಪಾಟಲು. ಎಚ್ಚರಿಸದೆ ಬಂದರೆ ವಿಚಾರಣೆ. ಇವೆರಡರ ನಡುವೆ ಅಧಿಕಾರಿ ಮೊದಲನೆಯದನ್ನು ಆರಿಸಿಕೊಂಡರೆ ಅದು ಮನುಷ್ಯ ಸಹಜ. ಆದರೆ ಹಾಗೆ ಮಾಡಿದಾಗ ಹೊಣೆ ಸದ್ದಿಲ್ಲದೆ ಸಂದೇಶ ಓದಿದವನ ಹೆಗಲಿಗೆ ದಾಟುತ್ತದೆ.

ಎರಡೂ ಕಡೆಯನ್ನು ತೂಗಿದಾಗ, ಎಚ್ಚರಿಕೆಗಳ ಸಂಖ್ಯೆ ಕಡಿಮೆ ಮಾಡುವುದಕ್ಕಿಂತ ಅವುಗಳ ದನಿಯನ್ನು ಬೇರೆ ಬೇರೆ ಮಾಡುವುದು ಮೇಲೆಂದು ನನಗೆ ತೋರುತ್ತದೆ. ಹಳದಿ ಬಣ್ಣ ಪತ್ರಿಕೆಯಲ್ಲಿ, ಆ್ಯಪಿನಲ್ಲಿ ಇರಲಿ, ಬೇಕಾದವರು ನೋಡಿಕೊಳ್ಳುತ್ತಾರೆ. ಮೊಬೈಲ್ ಕಿರುಚುವ ಸಂದೇಶ, ಪಂಚಾಯಿತಿಯ ಮೈಕ್, ಡಂಗುರ ಇವು ರೆಡ್ ಅಲರ್ಟಿಗೆ, ತಲೆಯ ಮೇಲೆ ಬಂದ ಸಿಡಿಲಿಗೆ, ಹೊಳೆಗೆ ಬಿಡುವ ನೀರಿಗೆ ಮೀಸಲಾಗಲಿ. ಹಿಂದಿನ ದಿನದ ಮುನ್ಸೂಚನೆ ಏನಾಯಿತು, ಎಲ್ಲಿ ಮಳೆಯಾಯಿತು, ಎಲ್ಲಿ ಆಗಲಿಲ್ಲ ಎಂದು ಮರುದಿನ ಹೇಳುವ ರೂಢಿಯೂ ಬೆಳೆಯಲಿ. ಹಳದಿಯ ದನಿ ಹೀಗೆ ತಗ್ಗಿದರೆ ಕೆಲವು ಹಳದಿ ದಿನಗಳ ಹಾನಿ ತಪ್ಪದೇ ಹೋಗಬಹುದು. ಅದನ್ನು ಒಪ್ಪಿಕೊಂಡೇ ಈ ಮಾತು. ಉಳಿದಂತೆ, ಮರುದಿನದ ಆ ಲೆಕ್ಕ ಹೇಳಲು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಮಳೆಮಾಪಕಗಳು ರಾಜ್ಯದಲ್ಲಿ ಈಗಾಗಲೇ ಇವೆ. ಇಷ್ಟು ಕ್ಯುಸೆಕ್ ಎಂಬುದರ ಪಕ್ಕದಲ್ಲಿ ಯಾವ ಸೇತುವೆ, ಯಾವ ಊರಿನ ದಂಡೆ, ಎಷ್ಟು ಗಂಟೆಗೆ ಎಂಬ ಒಂದು ಸಾಲು ಸೇರಿಸಲು ಹೊಸ ಯಂತ್ರವೇನೂ ಬೇಕಿಲ್ಲ.